ಬೆನ್ನ ಹಿಂದಿನ ಕೈ

ಮಾರ್ಚ್ ೧, ಶನಿವಾರ

ಪಾಳಿ ಮುಗಿಸಿ ಏಪ್ರನ್ ಬಿಚ್ಚುತ್ತಿದ್ದಾಗ ಮ್ಯಾನೇಜರ್ ಮೇಲಕ್ಕೆ ಬರಹೇಳಿದರು. ಇಪ್ಪತ್ತೆರಡು ವರ್ಷಗಳಲ್ಲಿ ಆ ಕಬ್ಬಿಣದ ಮೆಟ್ಟಿಲನ್ನು ಮೂರು ಸಲ ಹತ್ತಿದ್ದೇನೆ. ಮೂರು ಸಲವೂ ಸಂಘದವರ ಜೊತೆ, ಜಗಳಕ್ಕೆ. ಇವತ್ತು ಒಬ್ಬಳೇ. ಕೂರಿ ಎಂದರು. ಜಗಳಕ್ಕೆ ಹೋದಾಗ ಯಾರೂ ಕೂರಿ ಎಂದಿರಲಿಲ್ಲ.

"ಮೇಲ್ವಿಚಾರಕಿ ಜಾಗ ಖಾಲಿ ಇದೆ. ಎಂ.ಎ. ಓದಿದವರು ಸ್ಟೂಲ್ ಮೇಲೆ ಕೂತು ಬಾಟಲಿ ನೋಡ್ತಾರೆ ಅಂದ್ರೆ ನಮಗೇ ಒಂಥರಾ ಆಗುತ್ತೆ, ಮೇಡಂ."

ಮೇಡಂ! ನಿನ್ನೆಯವರೆಗೆ ನಾನು ಅವರಿಗೆ 'ನಾಲ್ಕನೇ ಸ್ಟೂಲು'.

ತಿಂಗಳ ಕೊನೆಯವರೆಗೆ ಪರೀಕ್ಷೆಗೆ ಇರಬಹುದು. ಬೇಡವೆನಿಸಿದರೆ ನನ್ನ ಸ್ಟೂಲಿಗೆ ವಾಪಸು. ಬೇಕೆನಿಸಿದರೆ ಮೂವತ್ತೊಂದರೊಳಗೆ ಕಾಗದಕ್ಕೆ ಸಹಿ. ಸಹಿ ಬಿದ್ದ ದಿನವೇ ಗಂಟೆಗೂಲಿ ಹೋಗಿ ತಿಂಗಳ ಸಂಬಳ ಬರುತ್ತದೆ, ಸಂಘದ ಪಟ್ಟಿಯಿಂದ ಹೆಸರೂ ಹೋಗುತ್ತದೆ. ಕಾಗದ ಈಗ ಚೀಲದಲ್ಲಿದೆ.

ಇವರಿಗೆ ಹೇಳಿದೆ. ಇವರು ಶಾಲೆಯ ಬಸ್ ಓಡಿಸಿ ಬಂದು ಕಾಲು ಚಾಚಿ ಕೂತಿದ್ದರು. "ಮೇಲಕ್ಕೆ ಹೋಗ್ತಾ ಇದೀನಿ ಅಂತ ಬೀದಿಯಲ್ಲೆಲ್ಲ ಹೇಳ್ಕೊಂಡು ಬರಬೇಡ ಮಾರಾಯ್ತಿ, ಜನ ಹಾರ ತಗೊಂಡು ಬಂದುಬಿಟ್ಟಾರು," ಎಂದರು. ನಕ್ಕೆ. ಆಮೇಲೆ, "ನಿನಗೇನನ್ಸುತ್ತೆ?" ಎಂದು ಕೇಳಿದರು.

ಗೊತ್ತಿಲ್ಲ. ಬರೆದರೆ ಗೊತ್ತಾದೀತೆಂದು ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಶುರುಮಾಡಿದ್ದೇನೆ.

ಮಾರ್ಚ್ ೩, ಸೋಮವಾರ

ಮೇಲಿನ ಕೋಣೆಗೆ ಮೂರು ಕಡೆ ಗಾಜು. ಬಾಗಿಲು ಹಾಕಿದೊಡನೆ ಕೆಳಗಿನ ಸದ್ದು ಕಡಿಮೆಯಾಗುವುದಿಲ್ಲ, ಕತ್ತರಿಸಿದ ಹಾಗೆ ನಿಂತುಹೋಗುತ್ತದೆ. ಸಾವಿರಾರು ಬಾಟಲಿಗಳು ಬೆಲ್ಟಿನ ಮೇಲೆ ಒಂದಕ್ಕೊಂದು ತಾಗುತ್ತ ಹೋಗುತ್ತವೆ, ಸದ್ದಿಲ್ಲ. ಸಂಘದ ಲೀಡರಮ್ಮ ಬಾಯಿ ತುಂಬ ನಗುತ್ತಾಳೆ, ಸದ್ದಿಲ್ಲ.

ಆರು ಸ್ಟೂಲು, ಆರು ಬೆಳಕಿನ ಪರದೆ. ಪರದೆಯ ಮುಂದೆ ಹಾದುಹೋಗುವ ಮಕ್ಕಳ ಔಷಧಿ ಬಾಟಲಿಗಳಲ್ಲಿ ಬಿರುಕು, ಗುಳ್ಳೆ ಹುಡುಕುವುದು ನಮ್ಮ ಕೆಲಸ. ಎಲ್ಲಕ್ಕಿಂತ ಕೆಟ್ಟದ್ದನ್ನು ನಾವು 'ಉಯ್ಯಾಲೆ' ಅನ್ನುತ್ತೇವೆ: ಬಾಟಲಿಯೊಳಗೆ ಈ ಗೋಡೆಯಿಂದ ಆ ಗೋಡೆಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಔಷಧಿ ಸುರಿದಾಗ ಅದು ಮುರಿಯುತ್ತದೆ. ಮುರಿದದ್ದು ಮಗುವಿನ ಬಾಯಿಗೆ.

ಕಣ್ಣು ಇಪ್ಪತ್ತು ನಿಮಿಷ ತಡೆಯುತ್ತದೆ. ಆಮೇಲೆ ಬೆಳ್ಳಗಾಗುತ್ತದೆ, ಬಂದ ಬಾಟಲಿಯೆಲ್ಲ ಒಳ್ಳೆಯದಾಗಿಯೇ ಕಾಣುತ್ತದೆ. ಆ ಇಪ್ಪತ್ತು ನಿಮಿಷಕ್ಕಾಗಿ ನಮಗಿಂತ ಹಿಂದಿನವರು ಗೇಟಿನ ಹೊರಗೆ ನಲವತ್ತೊಂದು ದಿನ ಕೂತಿದ್ದರು. ಗಂಟೆ ಬಾರಿಸಿದಾಗ ಬಿಡಿಸುವವಳು ಹಿಂದಿನಿಂದ ಬಂದು ಬಲ ಭುಜವನ್ನು ಎರಡು ಸಲ ತಟ್ಟುತ್ತಾಳೆ. ಕೂತವಳು ಎಡಕ್ಕೆ ಎದ್ದು ಹೋಗಬೇಕು, ತಿರುಗಿ ನೋಡಬಾರದು. ನೋಡಿದರೆ ಒಂದು ಮಾತು ಬರುತ್ತದೆ, ಮಾತಿಗೆ ಮೂರು ಬಾಟಲಿ ತಪ್ಪುತ್ತವೆ. ಹಾಗಾಗಿ ನಮಗೆ ಒಬ್ಬರನ್ನೊಬ್ಬರು ಗೊತ್ತಿರುವುದು ಕೈಯಿಂದ. ಲೀಡರಮ್ಮನದು ಹಲಗೆ. ಗುಬ್ಬಿಯದು ಒಂದೇ ಬೆರಳು, ಕಾಳು ಹೆಕ್ಕಿದ ಹಾಗೆ. ಅವಳಿಗೆ ಆ ಹೆಸರು ಬಂದದ್ದೇ ಅದರಿಂದ.

ಇಪ್ಪತ್ತೆರಡು ವರ್ಷ ಅದರೊಳಗೇ ಇದ್ದು ಇವತ್ತು ಮೊದಲ ಸಲ ಮೇಲಿನಿಂದ ನೋಡಿದೆ. ಆರು ಜನ ಒಟ್ಟಿಗೆ ಏಳುತ್ತಾರೆ, ಆರು ಜನ ಒಟ್ಟಿಗೆ ಕೂರುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಆಗಲೇ ಯಾರೋ ನನ್ನ ಭುಜ ತಟ್ಟಿದರು, ಎರಡು ಸಲ.

ಅಭ್ಯಾಸ ನೋಡಿ, ಎಡಕ್ಕೆ ಎದ್ದು ಬಾಗಿಲವರೆಗೂ ನಡೆದುಬಿಟ್ಟೆ. ಆಮೇಲೆ ನೆನಪಾಗಿ ತಿರುಗಿದೆ. ಕೋಣೆಯಲ್ಲಿ ಕುರ್ಚಿ, ಮೇಜು, ಫೈಲು ಅಷ್ಟೇ ಇದ್ದವು.

ಮಾರ್ಚ್ ೪, ಮಂಗಳವಾರ

ಇವತ್ತೂ ಬಂತು. ಪ್ರತಿ ಇಪ್ಪತ್ತು ನಿಮಿಷಕ್ಕೆ, ಕೆಳಗೆ ಗಂಟೆಯ ಕೆಂಪು ದೀಪ ಹೊತ್ತಿದಾಗಲೇ. ನರ ಎಳೆಯುತ್ತಿರಬೇಕು ಎಂದುಕೊಂಡೆ. ಆದರೆ ನರಕ್ಕೆ ಬೆರಳುಗಳಿರುತ್ತವೆಯೇ? ನಾಲ್ಕು ಬೆರಳು, ಹಗುರ. ಎರಡನೆಯ ತಟ್ಟು ಮೊದಲನೆಯದಕ್ಕಿಂತ ಮೆತ್ತಗೆ. ಒಬ್ಬೊಬ್ಬರನ್ನೇ ನೆನೆದು ನೋಡಿದೆ: ಕೆಳಗಿರುವವರು, ನಿವೃತ್ತರಾದವರು, ತೀರಿಕೊಂಡ ಇಬ್ಬರು. ಯಾರದೂ ಅಲ್ಲ.

ಸಂಜೆ ಪಾತ್ರೆ ತೊಳೆಯುವಾಗ ಹೊಳೆಯಿತು. ಆ ಸಾಲಿನಲ್ಲಿ ನನ್ನ ಭುಜಕ್ಕೆ ಗೊತ್ತಿಲ್ಲದ ಕೈ ಒಂದೇ, ಅದು ನನ್ನದು.

ಇವರಿಗೆ ಹೇಳಲಿಲ್ಲ. ಮಲಗುವ ಮುಂಚೆ ಎರಡು ಕವಿತೆ ಓದಿದೆ. ಅವೇ ಹಳೆಯ ಕವಿತೆಗಳು, ಅದೇ ನೆಮ್ಮದಿ.

ಮಾರ್ಚ್ ೭, ಶುಕ್ರವಾರ

ಊಟಕ್ಕೆ ಕೆಳಗೆ ಹೋದೆ. ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು, ಸ್ವಲ್ಪ ಹೆಚ್ಚೇ ಮಾಡಿಕೊಟ್ಟರು.

"ಬಾರೇ ಪಂಡಿತಕ್ಕ, ಮೇಲೆ ಗಾಳಿ ಹೆಂಗಿದೆ?" ಲೀಡರಮ್ಮ ಕೇಳಿದಳು.

"ತಣ್ಣಗಿದೆ."

"ಹುಷಾರು ಕಣೇ, ತಣ್ಣಗಿರೋ ಕಡೆ ಎಲ್ಲಾ ಕೆಡದೆ ಉಳಿಯುತ್ತೆ, ಜೀವ ಮಾತ್ರ ಇರಲ್ಲ."

ಎಲ್ಲರೂ ನಕ್ಕರು. ಗುಬ್ಬಿ ಮಾತ್ರ ತನ್ನ ಡಬ್ಬಿಯಿಂದ ನನ್ನ ತಟ್ಟೆಗೆ ಒಂದು ತುತ್ತು ಹಾಕಿ, "ನಮ್ಮಕ್ಕನೇ ಮೇಲಿದ್ರೆ ನಮಗೇ ಒಳ್ಳೇದಲ್ವಾ," ಎಂದಳು. ಅವಳಿಗೆ ಕೆಲಸ ಕಲಿಸಿದವಳು ನಾನು. ಎರಡು ಮಕ್ಕಳು; ದುಡಿಯುವವಳು ಅವಳೊಬ್ಬಳೇ. ಒಂದು ವರ್ಷದಿಂದ ಕಣ್ಣಲ್ಲಿ ನೀರೂರುತ್ತದೆ. ಜಾಸ್ತಿಯಾದಾಗ ಗಂಟೆಗೆ ಮುಂಚೆಯೇ ಹೋಗಿ ನಾನು ಅವಳನ್ನು ಬಿಡಿಸುತ್ತಿದ್ದೆ.

ಮೇಲ್ವಿಚಾರಕಿ ದಿನಕ್ಕೆ ಮೂರು ಸಲ ಗುರುತು ಹಾಕಿದ ಕೆಟ್ಟ ಬಾಟಲಿಯನ್ನು ಬೆಲ್ಟಿಗೆ ಬಿಟ್ಟು, ಯಾರು ಹಿಡಿಯುತ್ತಾರೆ ನೋಡಬೇಕು. ಅದನ್ನು ಬಿಡುವುದನ್ನು ಎದುರು ಬೆಂಚಿನ ಪ್ಯಾಕಿಂಗಿನವರು ಕಂಡರೆ ಕಿವಿ ಕೆರೆದುಕೊಳ್ಳುತ್ತಾರೆ; ಅದು ಸಾಲಿಗೆ ಸಂಕೇತ. ಇವತ್ತು ಮೇಲಿನಿಂದ ಕಿವಿ ಕೆರೆದದ್ದು ಕಂಡಿತು. ನಗು ಬಂತು. ನಮ್ಮ ಗುಟ್ಟು, ಯಾರಿಗೆ ಹೇಳಲಿ?

ಮಾರ್ಚ್ ೧೨, ಬುಧವಾರ

ಮ್ಯಾನೇಜರ್ ಬಂದು ಮೇಜಿನ ತುದಿಯಲ್ಲಿ ಕೂತರು. ಇಪ್ಪತ್ತು ನಿಮಿಷವನ್ನು ನಲವತ್ತು ಮಾಡಬೇಕಂತೆ. ಬೇರೆ ಕಾರ್ಖಾನೆಗಳಲ್ಲಿ ಹಾಗೇ ಇದೆಯಂತೆ.

"ನೀವು ಹೇಳಿದ್ರೆ ಅವರು ಕೇಳ್ತಾರೆ, ಮೇಡಂ."

"ಕಣ್ಣು ತಡೆಯಲ್ಲ ಸರ್. ನಾನೇ ಕೂತವಳು."

"ನೀವು ಕೂತಿದ್ದು ಇಪ್ಪತ್ತೇ ನಿಮಿಷ ಅಲ್ವಾ? ನಲವತ್ತಕ್ಕೆ ಏನಾಗುತ್ತೆ ಅಂತ ನಿಮಗೆ ಹೇಗೆ ಗೊತ್ತು?"

ಉತ್ತರ ಮನೆಗೆ ಬರುವಾಗ ಬಸ್ಸಿನಲ್ಲಿ ಹೊಳೆಯಿತು, ಆದರೆ ಅದು ಉತ್ತರ ಅನ್ನುವುದಕ್ಕಿಂತ ಸಿಟ್ಟು.

ಕೈ ಇವತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಬಂತು. ನಾನೀಗ ಏಳುವುದಿಲ್ಲ. ಕಾಯುತ್ತದೆ, ಆಮೇಲೆ ಹೋಗುತ್ತದೆ.

ಮಾರ್ಚ್ ೧೪, ಶುಕ್ರವಾರ

ಊಟ ಮೇಲೆಯೇ ಮಾಡಿದೆ. ವರದಿ ಬಹಳ ಇತ್ತು.

ಮಾರ್ಚ್ ೧೮, ಮಂಗಳವಾರ

ಸುಮ್ಮನೆ ತಿಳಿದುಕೊಳ್ಳೋಣವೆಂದು ಇನ್ನೊಂದು ಬೆಲ್ಟಿನ ಸಾಲಿನಲ್ಲಿ ನಲವತ್ತು ನಿಮಿಷ ಕೂರಿಸಿ ನೋಡಿದೆವು, ಒಪ್ಪಿದವರನ್ನು ಮಾತ್ರ. ಹದಿನೆಂಟು ಗುರುತಿನ ಬಾಟಲಿಗಳಲ್ಲಿ ಹದಿನೈದನ್ನು ಹಿಡಿದರು. ನಾನು ಅಂದುಕೊಂಡಷ್ಟು ಕೆಟ್ಟದಾಗಿಲ್ಲ. ಆದರೆ ಕಿವಿ ಕೆರೆದುಕೊಂಡರೆ ಈ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲವಲ್ಲ. ಅದನ್ನು ಮ್ಯಾನೇಜರಿಗೆ ಹೇಳಬೇಕಾಯಿತು. ಹೆಸರು ಯಾರದೂ ಹೇಳಲಿಲ್ಲ. ಪ್ಯಾಕಿಂಗಿನವರ ಬೆಂಚನ್ನು ತಿರುಗಿಸಿ ಹಾಕಿಸಿದರು.

ಮಧ್ಯಾಹ್ನ ಲೀಡರಮ್ಮ ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡಿದಳು. ಏನೋ ಹೇಳಿದಳು. ಗಾಜು ದಪ್ಪ, ಏನು ಕೇಳುತ್ತದೆ? ಕೈಯಾಡಿಸಿದೆ.

ಇವತ್ತು ತಟ್ಟಿದ್ದು ನಲವತ್ತು ನಿಮಿಷಕ್ಕೊಮ್ಮೆ. ಗಡಿಯಾರ ನೋಡಿ ಬರೆದಿಟ್ಟೆ. ಕೈಗೂ ಅಭ್ಯಾಸವಾಗುತ್ತದೆ ಎಂದ ಮೇಲೆ ಕಣ್ಣಿಗೆ ಯಾಕಾಗಬಾರದು?

ಮಾರ್ಚ್ ೨೦, ಗುರುವಾರ

ಮನಸ್ಸು ಸರಿಯಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹತ್ತು ಗಂಟೆಯ ಸರದಿಗೆ ಗುಬ್ಬಿ ಎರಡನೇ ಸ್ಟೂಲಿನಲ್ಲಿ ಕೂತಳು. ಹತ್ತೂ ಐದಕ್ಕೆ ನಾನು ಒಂದು ಪಟ್ಟಿ ಹಿಡಿದು ಕೆಳಗೆ ಹೋದೆ. ಸಾಲಿನ ಹಿಂದೆ ನಡೆಯುತ್ತ ಅವಳ ಬೆನ್ನ ಹಿಂದೆ ನಿಂತೆ. ಕತ್ತು ಬಾಗಿತ್ತು, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಾಪ ಅನಿಸಿತು. ಮೇಲೆ ಬಂದೆ. ಚಹಾ ಲೋಟ ಹಿಡಿದಾಗ ಬೆರಳಿಗೆ ಏಪ್ರನ್ನಿನ ನೀಲಿ ಜುಂಗು ಅಂಟಿತ್ತು, ಒರೆಸಿಕೊಂಡೆ.

ಹತ್ತೂ ಇಪ್ಪತ್ತಕ್ಕೆ ಗಂಟೆಯಾದಾಗ ಬಿಡಿಸಲು ಬಂದವಳು ತಟ್ಟುವುದಕ್ಕೆ ಕೈ ಎತ್ತಿದಳಂತೆ. ಭುಜವೇ ಇರಲಿಲ್ಲ. ಸ್ಟೂಲು ಖಾಲಿ, ಪರದೆ ಉರಿಯುತ್ತಿತ್ತು, ಬಾಟಲಿಗಳು ಹೋಗುತ್ತಿದ್ದವು. ಗುಬ್ಬಿ ನಲ್ಲಿಯ ಹತ್ತಿರ ಕಣ್ಣು ತೊಳೆದುಕೊಂಡು, ತಣ್ಣೀರಿನ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಪಕ್ಕದ ಸ್ಟೂಲಿನವರು ನೋಡಿಲ್ಲ. ಅವರ ಕಣ್ಣು ಅವರ ಪರದೆಯ ಮೇಲೆ.

ಸ್ಟೂಲು ಖಾಲಿ ಇದ್ದದ್ದು ಹನ್ನೊಂದು ನಿಮಿಷ. ಆ ಹೊತ್ತಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿ ಮತ್ತೆ ನೋಡಿಸಿದರು. ಮೂರು ಉಯ್ಯಾಲೆ ಸಿಕ್ಕವು.

ಸ್ಟೂಲು ಬಿಟ್ಟು ಎದ್ದರೆ ಕೆಲಸದಿಂದ ತೆಗೆಯಬಹುದು. ಆ ನಿಯಮಕ್ಕೆ ಸಂಘವೂ ಒಪ್ಪಿದೆ.

ಮಾರ್ಚ್ ೨೧, ಶುಕ್ರವಾರ

ಗುಬ್ಬಿ ಮೆಟ್ಟಿಲು ಹತ್ತಿ ಬಂದಳು. ಕೂರು ಎಂದೆ, ಕೂರಲಿಲ್ಲ.

"ಅಕ್ಕ, ನೀವೇ ಬಿಡಿಸಿದ್ರಿ. ನಿಮ್ಮ ಕೈ ನೂರು ಜನದಲ್ಲಿ ಇದ್ರೂ ಗೊತ್ತಾಗುತ್ತೆ ನಂಗೆ. ನಾಲ್ಕು ಬೆರಳು, ಎರಡನೇದು ಮೆತ್ತಗೆ. ಮೊದಲಿನ ಥರಾನೇ ನನ್ನ ಕಣ್ಣು ನೋಡಿ ಬಂದ್ರು ಅಂದ್ಕೊಂಡೆ. ಹಿಂದೆ ತಿರುಗಿ ನೋಡಬೇಡ ಅಂತ ಕಲಿಸಿದ್ದೂ ನೀವೇ ಅಲ್ವಾ?"

"ನಾನು ಮೇಲ್ವಿಚಾರಕಿ ಕಣಮ್ಮ. ನಾನ್ಯಾಕೆ ಸ್ಟೂಲಲ್ಲಿ ಕೂರಲಿ?"

"ಅದೇ ನಾನೂ ಆಮೇಲೆ ಯೋಚನೆ ಮಾಡಿದ್ದು," ಎಂದಳು. ಅಳಲಿಲ್ಲ. ಅಳುವ ಕಣ್ಣಿನವಳು ಅಳದೆ ನಿಂತಿದ್ದು ನೋಡಲಾಗಲಿಲ್ಲ.

ಎಷ್ಟು ನೆನಪಿಸಿಕೊಂಡರೂ ಮುಟ್ಟಿದ ನೆನಪಿಲ್ಲ. ಅವಳ ಹಿಂದೆ ನಿಂತದ್ದು, ಪಾಪ ಅನಿಸಿದ್ದು, ಆಮೇಲೆ ಮೆಟ್ಟಿಲು. ವರದಿಯಲ್ಲಿ ನಿಜವನ್ನೇ ಬರೆದೆ: 'ನಾನು ಯಾರನ್ನೂ ಮುಟ್ಟಿದ ನೆನಪಿಲ್ಲ.' ಮ್ಯಾನೇಜರ್ ಓದಿ, "'ನೆನಪಿಲ್ಲ' ಅನ್ನೋದು ದುರ್ಬಲ ಮಾತು ಮೇಡಂ," ಎಂದರು. ಭಾಷೆಯ ದೃಷ್ಟಿಯಿಂದ ಅದು ಸರಿ. 'ಮುಟ್ಟಿಲ್ಲ' ಎಂದು ತಿದ್ದಿದೆ.

ನನ್ನನ್ನು ಮುಟ್ಟುತ್ತಿದ್ದ ಕೈ ನಿನ್ನೆಯಿಂದ ಬಂದಿಲ್ಲ.

ಮಾರ್ಚ್ ೨೫, ಮಂಗಳವಾರ

ಸಂಘ ಒಂದು ವಿಚಿತ್ರ ಬೇಡಿಕೆ ಇಟ್ಟಿದೆ. ಸ್ಟೂಲಿನವರು ಕೈಯಿಂದಲೇ ಜನರನ್ನು ಗುರುತಿಸುತ್ತಾರೆ ಎಂಬುದನ್ನು ಮ್ಯಾನೇಜರ್ ಎದುರಿಗೇ ತೋರಿಸುತ್ತಾರಂತೆ. ಗುಬ್ಬಿ ಪರದೆಯ ಮುಂದೆ ಕೂರುವುದು, ಹಿಂದಿನಿಂದ ಒಬ್ಬೊಬ್ಬರಾಗಿ ತಟ್ಟುವುದು, ಅವಳು ಹೆಸರು ಹೇಳುವುದು. ನಾನೂ ತಟ್ಟಬೇಕು. ಎಲ್ಲರನ್ನೂ ಸರಿಯಾಗಿ ಹೇಳಿ ನನ್ನನ್ನೂ ಹೇಳಿದರೆ ಅವಳ ಮಾತು ನಂಬಬೇಕು, ಕೆಲಸ ಉಳಿಯಬೇಕು. ಮ್ಯಾನೇಜರ್ ನಕ್ಕು ಒಪ್ಪಿದರು.

ಲೀಡರಮ್ಮ ಗೇಟಿನ ಹತ್ತಿರ ಸಿಕ್ಕಳು. "ಮೇಡಂ, ಶುಕ್ರವಾರ ಎರಡು ಗಂಟೆಗೆ," ಎಂದಳು, ಅಷ್ಟೇ. ಹದಿನೆಂಟು ವರ್ಷ ನನ್ನನ್ನು 'ಕಣೇ' ಎಂದವಳು.

ಇವರು ಊಟಕ್ಕೆ ಕೂತಾಗ, "ಮುಟ್ಟಿದೀಯಾ ಇಲ್ವಾ, ಒಂದು ಮಾತು ಹೇಳಿಬಿಡು," ಎಂದರು.

"ಗೊತ್ತಿಲ್ಲ ಅಂದೆನಲ್ಲ."

"ಗೊತ್ತಿಲ್ಲ ಅಂತಾದ್ರೂ ಅವರ ಮುಂದೆ ಹೇಳು."

"ಸ್ಟೇರಿಂಗ್ ಮೇಲೆ ಕೈ ಇದ್ದವರಿಗೆ ಎಲ್ಲಾ ಸುಲಭ," ಎಂದೆ. ಯಾಕೆ ಹಾಗೆ ಅಂದೆನೋ. ಕವಿತೆಯ ಪುಸ್ತಕ ತೆರೆದೆ. ಸಾಲುಗಳು ಒಂದರ ಹಿಂದೊಂದು ಹೋದವು, ಎಲ್ಲವೂ ಚೆನ್ನಾಗಿಯೇ ಇದ್ದವು. ಯಾವುದೂ ತಡೆದು ನಿಲ್ಲಿಸಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಎರಡು ಗಂಟೆಗೆ ಬೆಲ್ಟು ನಿಲ್ಲಿಸಿದರು. ಒಂದು ಪರದೆ ಮಾತ್ರ ಉರಿಯುತ್ತಿತ್ತು. ಗುಬ್ಬಿ ಅದರ ಮುಂದೆ ಕೂತಳು. ಬಾಟಲಿ ಇಲ್ಲದ ಬೆಳಕನ್ನು ನೋಡುತ್ತ ಕೂತ ಅವಳ ನೆರಳು ನಮ್ಮ ಕಾಲಿನವರೆಗೂ ಬಿದ್ದಿತ್ತು. ಬೆಲ್ಟು ನಿಂತರೆ ಆ ಕೋಣೆ ಇಷ್ಟು ದೊಡ್ಡದು ಎಂದು ಗೊತ್ತಿರಲಿಲ್ಲ.

ಮೊದಲ ಕೈ. "ಲೀಡರಮ್ಮ. ಇವಳ ಕೈಗೆ ನನ್ನ ಮೂಳೆ ಮುರಿಯುತ್ತೆ ಒಂದಿನ." ಸಣ್ಣ ನಗು.

ಎರಡನೆಯದು, ಮೂರನೆಯದು. ಎರಡೂ ಸರಿ. ನಾಲ್ಕನೆಯವಳು ಮೋಸ ಮಾಡಲು ಎಡಗೈಯಿಂದ ತಟ್ಟಿದಳು. "ಆರನೇ ಸ್ಟೂಲಕ್ಕ, ಎಡಗೈ ಯಾಕೆ, ಬಲಗೈಗೆ ಏನಾಯ್ತು?" ಈ ಸಲ ಮ್ಯಾನೇಜರ್ ಕೂಡ ನಕ್ಕರು.

ನಾನು ಮುಂದೆ ಹೋದೆ. ಎಂದಿನಂತೆಯೇ ತಟ್ಟಿದೆ, ಎರಡು ಸಲ.

ಅವಳ ಭುಜ ಸ್ವಲ್ಪ ಒಳಗೆ ಎಳೆದುಕೊಂಡಿತು, ತಣ್ಣನೆಯದು ತಾಗಿದ ಹಾಗೆ.

"ಇನ್ನೊಂದ್ಸಲ," ಎಂದಳು.

ತಟ್ಟಿದೆ. ನಾಲ್ಕು ಬೆರಳು, ಎರಡನೆಯದು ಮೆತ್ತಗೆ. ನಾನು ಎಣಿಸಿ ತಟ್ಟಿದೆ.

"ಇದು ನಮ್ಮವರ ಕೈ ಅಲ್ಲ," ಎಂದಳು ಗುಬ್ಬಿ, ಕಣ್ಣು ಪರದೆಯಿಂದ ತೆಗೆಯದೆ. "ಯಾರೋ ಹೊಸಬರು. ಗೊತ್ತಿಲ್ಲ ನಂಗೆ."

ಲೀಡರಮ್ಮ ಕಣ್ಣು ಮುಚ್ಚಿಕೊಂಡಳು. ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡರು.

ಆಗ ನಾನು ಹೇಳಿದೆ. ಬೇರೆ ಯಾರೋ ಹೇಳುತ್ತಿರುವ ಹಾಗೆ ಕೇಳಿಸಿತು: "ಅದು ನನ್ನ ಕೈ. ಅವತ್ತೂ ನಾನೇ ಇರಬೇಕು. ಬೆರಳಿಗೆ ಜುಂಗು ಅಂಟಿತ್ತು."

ಗುಬ್ಬಿ ತಿರುಗಿದಳು. ಪರದೆಯ ಬೆಳಕು ಹಿಂದಿನಿಂದ ಬೀಳುತ್ತಿದ್ದುದರಿಂದ ಅವಳ ಮುಖ ಕಾಣಲಿಲ್ಲ.

"ಇಲ್ಲ ಮೇಡಂ," ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ತಪ್ಪು ಬಾಟಲಿಯನ್ನು ಪಕ್ಕಕ್ಕೆ ಇಡುವ ಹಾಗೆ, ಸಾವಧಾನವಾಗಿ. "ಅವತ್ತು ಬಂದಿದ್ದು ಪಂಡಿತಕ್ಕನ ಕೈ. ಸುಳ್ಳು ಹೇಳಿ ಕೆಲಸ ಉಳಿಸ್ಕೊಳ್ಳೋಳಲ್ಲ ನಾನು. ಇದು ಅದಲ್ಲ."

"ನಾನೇ ಕಣೇ ಗುಬ್ಬಿ."

"ನೀವು ಮೇಡಂ."

ಮ್ಯಾನೇಜರ್ ನನ್ನ ಕಡೆ ತಿರುಗಿ, "ನಿಮ್ಮದು ದೊಡ್ಡ ಮನಸ್ಸು. ಆದ್ರೆ ಅವರೇ ಅಲ್ಲ ಅಂತಿದಾರಲ್ಲ. ವರದಿಯಲ್ಲೂ ಹಾಗೇ ಇದೆ," ಎಂದರು.

ಗುಬ್ಬಿ ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು. ಕೆಲಸ ಬಿಡುವವರ ಏಪ್ರನ್ ತೆಗೆದುಕೊಳ್ಳಬೇಕಾದವಳು ಮೇಲ್ವಿಚಾರಕಿ. ಇನ್ನೂ ಬೆಚ್ಚಗಿತ್ತು. ಲೀಡರಮ್ಮ ಅವಳ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದಳು. ಮಿಕ್ಕವರೂ ಹಿಂದೆಯೇ ಹೋದರು. ಯಾರೂ ತಿರುಗಿ ನೋಡಲಿಲ್ಲ.

ಪರದೆ ಆರಿಸಿ ಬಂದೆ.

ಮಾರ್ಚ್ ೩೦, ಭಾನುವಾರ

ನಿನ್ನೆ ರಜೆ ಹಾಕಿದೆ, ಇಡೀ ದಿನ ನಿದ್ದೆ. ಇವರು ಎರಡು ಸಲ ಎಬ್ಬಿಸಿದರಂತೆ, ಗೊತ್ತೇ ಆಗಲಿಲ್ಲ. ಎದ್ದಾಗ ತಲೆ ಹಗುರವಾಗಿತ್ತು. ಇವರು ಹೆಚ್ಚು ಮಾತಾಡುತ್ತಿಲ್ಲ. ಗುಬ್ಬಿಯ ಮಕ್ಕಳು ಇವರ ಬಸ್ಸಿನಲ್ಲೇ ಹೋಗುವುದು, ಅದಕ್ಕೆ ಇರಬೇಕು.

ಸಹಿ ಹಾಕುವುದೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ನಾಳೆ ಒಂದು ದಿನ ಇದೆ. ಸ್ಟೂಲಿಗೆ ಮರಳುವ ಬಾಗಿಲು ನಾಳೆ ಸಂಜೆಯವರೆಗೂ ತೆರೆದೇ ಇರುತ್ತದೆ, ಅವಸರ ಮಾಡಬಾರದು. ಇಂಥ ವಿಷಯದಲ್ಲಿ ಮನಸ್ಸು ತಿಳಿಯಾಗುವವರೆಗೆ ಕಾಯಬೇಕು.

ಮಂಗಳವಾರದಿಂದ ನಲವತ್ತು ನಿಮಿಷ. ಗಂಟೆಯನ್ನು ಹೊಂದಿಸಲು ಬೆಳಗ್ಗೆ ಅರ್ಧ ಗಂಟೆ ಮುಂಚೆ ಹೋಗಬೇಕು. ಎರಡನೇ ಸ್ಟೂಲಿಗೆ ಹೊಸಬಳು ಬರುತ್ತಾಳೆ. ಅವಳಿಗೆ ಹಳೆಯ ಪದ್ಧತಿ ಯಾವುದೂ ಗೊತ್ತಿಲ್ಲದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಇಷ್ಟೆಲ್ಲ ಆದದ್ದು ಆ ತಟ್ಟುವಿಕೆಯಿಂದ ತಾನೆ? ಯಾರಿಗೂ ಇನ್ನು ಹಾಗಾಗಬಾರದು. ಒಂದು ಸೂಚನೆ ಬರೆದು ಗೋಡೆಗೆ ಹಚ್ಚಿಸಬೇಕೆಂದು ಕೂತೆ. ಬಹಳ ದಿನಗಳ ಮೇಲೆ ಬರವಣಿಗೆಯಲ್ಲಿ ಸುಖ ಸಿಕ್ಕಿತು. ಒಂದೊಂದು ಪದವನ್ನೂ ತೂಗಿ ಇಟ್ಟೆ.

'ಗಂಟೆಗೆ ಮಾತ್ರ ಏಳಿ. ಪಕ್ಕದವರನ್ನು ದಯವಿಟ್ಟು ಮುಟ್ಟಬೇಡಿ.'

ಜೋರಾಗಿ ಓದಿ ನೋಡಿದೆ. ಎರಡನೆಯ ಸಾಲು ಎಳೆದಂತಿತ್ತು, ಲಯ ಕೂಡುತ್ತಿರಲಿಲ್ಲ. 'ದಯವಿಟ್ಟು' ತೆಗೆದುಹಾಕಿದೆ. ಈಗ ಸರಿಯಾಗಿದೆ.